ಹನ್ನೆರಡನೆಯ ಮನೆಯ ಪೈಪು

ಸೌದಿಯಲ್ಲಿ ಎಂತ ಕೆಲಸ ಮಾಡಿದ್ದು ಎಂದು ಊರಲ್ಲಿ ಯಾರಾದರೂ ಕೇಳಿದರೆ, ಆ ಒಂದು ವರ್ಷದ ಮಟ್ಟಿಗೆ ನಿಜ ಹೇಳುವುದನ್ನೇ ನಾನು ಬಿಟ್ಟುಬಿಟ್ಟಿದ್ದೇನೆ. ಮನೆಗಳನ್ನು ಬಿಸಿ ಮಾಡುವ ಕೆಲಸ ಎಂದರೆ ಜನ ನಗುತ್ತಾರೆ. "ಕೆಂಡದ ಮೇಲೆ ಕೂತವನಿಗೆ ಕಂಬಳಿ ಹೊದೆಸ್ಲಿಕ್ಕೆ ಹೋದದ್ದಾ ನೀನು?" ಎಂದು ನನ್ನ ಭಾವ ಒಂದು ಮದುವೆ ಊಟದಲ್ಲಿ ಎಲ್ಲರೆದುರು ಕೇಳಿದ. ಅವನಿಗೆ ಉತ್ತರ ಕೊಡಲು ಹೋಗಿ ನನ್ನ ಎಲೆಗೆ ಬಂದ ಪಾಯಸ ಆರಿಹೋಯಿತು. ಆದರೆ ಮಾತು ನಿಜ. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಪೂರ್ತಿ ನಾನು ಅಲ್ಲಿಯ ಬಡವರ ಮನೆಗಳಿಗೆ ಸರ್ಕಾರದ ಖರ್ಚಿನಲ್ಲಿ ಬಿಸಿನೀರಿನ ಪೈಪು ಎಳೆದಿದ್ದೇನೆ.

ಅದಕ್ಕೆ ಮೊದಲು ನಾಲ್ಕು ವರ್ಷ ಯಾನ್ಬುವಿನಲ್ಲಿದ್ದೆ. ಪೈಪ್ ಫಿಟ್ಟರ್ ಕೆಲಸ. ಯಾನ್ಬು ಎಂದರೆ ಸಮುದ್ರ, ಬೆವರು, ಅಂಗಿಯ ಕಾಲರಿನಲ್ಲಿ ಉಪ್ಪು. ಉಡುಪಿ ಕಡೆಯವನಾದ ನನಗೆ ಅದೇನೂ ಹೊಸದಲ್ಲ. ಅಲ್ಲಿ ನಾನು ಒಳ್ಳೆಯ ಹೆಸರು ಮಾಡಿದ್ದೆ. ನಾನು ಸಣಬು ಸುತ್ತಿ ಬಿಗಿದ ಜಾಯಿಂಟಿನಿಂದ ಒಂದು ಹನಿ ನೀರು ಬೀಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಾನೇ ಹೇಳುತ್ತಿದ್ದೆ. ಆಮೇಲೆ ನಮ್ಮ ಕಫೀಲನಿಗೆ, ಅಂದರೆ ನಮ್ಮನ್ನು ವೀಸಾ ಕೊಟ್ಟು ಕರೆಸಿಕೊಂಡ ಯಜಮಾನನಿಗೆ, ಉತ್ತರದ ತುರೈಫ್ ಕಡೆ ಒಂದು ಗುತ್ತಿಗೆ ಸಿಕ್ಕಿತು. ಜೋರ್ಡಾನ್ ಗಡಿಯ ಹತ್ತಿರ. ನನ್ನನ್ನೂ ಉಳ್ಳಾಲದ ಒಬ್ಬ ಬ್ಯಾರಿ ವೆಲ್ಡರನ್ನೂ ಸಾಮಾನಿನ ಲಾರಿಯಲ್ಲಿ ಹತ್ತಿಸಿ ಅಲ್ಲಿಗೆ ಕಳಿಸಿದರು.

ಆ ಕಡೆಯ ಜನ ಒಂದೆರಡು ತಲೆಮಾರಿನ ಹಿಂದಿನವರೆಗೂ ಆಡಿನ ಕೂದಲಿನ ಡೇರೆಗಳಲ್ಲಿ ಇದ್ದವರು. ಸರ್ಕಾರ ಅವರಿಗೆ ಸಿಮೆಂಟ್ ಇಟ್ಟಿಗೆಯ ಮನೆ ಕಟ್ಟಿಕೊಟ್ಟಿತ್ತು. ಮನೆ ನೋಡಲು ಚೆಂದ. ಆದರೆ ಚಳಿಗಾಲ ಬಂದರೆ ಡೇರೆಯೇ ಬೆಚ್ಚಗಿತ್ತು ಎಂದು ಮುದುಕರು ಗೊಣಗುತ್ತಿದ್ದರು. ಅನುಕೂಲಸ್ಥರು ತಾವೇ ಬಾಯ್ಲರ್ ಹಾಕಿಸಿಕೊಂಡರು. ಕೈಲಾಗದವರಿಗೆ, ಅಂದರೆ ವಿಧವೆಯರು, ಕಣ್ಣು ಕಾಣದವರು, ದುಡಿಯುವ ಗಂಡಸಿಲ್ಲದ ಮನೆಗಳಿಗೆ, ಸರ್ಕಾರ ಸಹಾಯಧನ ಕೊಟ್ಟಿತು. ಧನ ಅವರ ಕೈಗೆ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರ ಮನೆಗೆ ನಾವು ಹೋಗಿ ಬಾಯ್ಲರ್, ಪೈಪು, ರೇಡಿಯೇಟರ್ ಎಲ್ಲ ಕೂರಿಸಬೇಕು. ಅಧಿಕಾರಿ ಬಂದು ನೋಡಿ ಸಹಿ ಹಾಕಬೇಕು. ಒಂದು ಮನೆಗೆ ಒಂದೇ ಸಲ. ಮನೆಯವರು ಹಾಳು ಮಾಡಿಕೊಂಡರೆ ಅವರ ಹಣೆಬರಹ, ಮತ್ತೆ ಕೊಡುವುದಿಲ್ಲ.

ಈ ಏರ್ಪಾಡನ್ನು ಮೊದಲ ಸಲ ನಕ್ಷೆಯಲ್ಲಿ ನೋಡಿದಾಗ ನನಗೆ ನಗು ಬಂತು. ಇಷ್ಟೇಯಾ? ನಮ್ಮ ಬಚ್ಚಲುಮನೆಯ ಹಂಡೆ! ನಾವು ಒಲೆಗೆ ತೆಂಗಿನ ಮಡಲು ತುರುಕುತ್ತೇವೆ, ಇವರು ಡೀಸೆಲ್ ಉರಿಸುತ್ತಾರೆ. ನಾವು ಆ ನೀರನ್ನು ಮೈಮೇಲೆ ಹೊಯ್ದುಕೊಳ್ಳುತ್ತೇವೆ, ಇವರು ಅದನ್ನು ಪೈಪಿನಲ್ಲಿ ಕೋಣೆ ಕೋಣೆಗೆ ತಿರುಗಿಸಿ, ಕಿಟಕಿಯ ಕೆಳಗಿನ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸಿ, ಮತ್ತೆ ಹಂಡೆಗೇ ತರುತ್ತಾರೆ. ನೀರು ಖರ್ಚಾಗುವುದಿಲ್ಲ, ಬಿಸಿ ಮಾತ್ರ ಖರ್ಚು. ವೆಲ್ಡರನಿಗೂ ಹೀಗೆಯೇ ವಿವರಿಸಿದೆ. ಅವನು ಸ್ವಲ್ಪ ಯೋಚಿಸಿ, "ಅಂದ್ರೆ ಮನೆಗೇ ಸ್ನಾನ ಮಾಡಿಸುವುದು," ಎಂದ.

ಅಕ್ಟೋಬರಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಹನ್ನೊಂದು ಮನೆ ಮುಗಿಸಿದೆವು. ಎಲ್ಲ ಕಡೆ ಯಾನ್ಬುವಿನ ಕ್ರಮವೇ. ಪೈಪು ಜೋಡಿಸಿ, ನೀರು ತುಂಬಿಸಿ, ಕೈಪಂಪಿನಿಂದ ಒತ್ತಡ ಏರಿಸಿ, ಒಂದು ರಾತ್ರಿ ಹಾಗೆಯೇ ಬಿಡುವುದು. ಮರುದಿನ ಗೇಜಿನ ಮುಳ್ಳು ಇಳಿದಿರದಿದ್ದರೆ ಪಾಸ್. ಹನ್ನೊಂದೂ ಪಾಸ್. ನನ್ನ ತಲೆ ಆಕಾಶದಲ್ಲಿತ್ತು.

ಹನ್ನೆರಡನೆಯದು ಒಬ್ಬ ವಿಧವೆಯ ಮನೆ. ಅವಳು, ಅವಳ ಇಬ್ಬರು ಹೆಣ್ಣುಮಕ್ಕಳು, ಗಂಡನ ತಂದೆ. ಮುದುಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಆ ಮನೆಯ ಗಂಡಸು ಎಂದರೆ ಅವನೇ. ಅವನು ಮುಂದಿನ ಕೋಣೆಯಲ್ಲಿ ಕೂತಿದ್ದರೆ ಮಾತ್ರ ನಾವು ಒಳಗೆ ಕಾಲಿಡಬಹುದು. ಅವನು ಮಸೀದಿಗೆ ಹೊರಟರೆ ನಾವು ರೆಂಚು ಕೆಳಗಿಟ್ಟು ಅವನ ಹಿಂದೆಯೇ ಹೊರಗೆ ಬರಬೇಕು. ವೆಲ್ಡರ್ ಅವನ ಜೊತೆ ನಮಾಜಿಗೆ ಹೋಗುತ್ತಿದ್ದ. ನಾನು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದೆ. ಹಾಗಾಗಿ ಬೇರೆ ಕಡೆ ನಾಲ್ಕು ದಿನದ ಕೆಲಸ ಇಲ್ಲಿ ಒಂಬತ್ತು ದಿನ ಹಿಡಿಯಿತು. ವಿಧವೆಯನ್ನು ನಾನು ಸರಿಯಾಗಿ ನೋಡಿಯೇ ಇಲ್ಲ. ಪರದೆಯ ಹಿಂದಿನ ಗಟ್ಟಿ ದನಿ, ಪರದೆಯ ಕೆಳಗಿನಿಂದ ಚಾಚುವ ಚಹಾದ ತಟ್ಟೆ, ಅಷ್ಟೇ. ಹೇಳಬೇಕಾದದ್ದನ್ನು ಮಾವನಿಗೆ ಎಂಬಂತೆ ಹೇಳುತ್ತಿದ್ದಳು. ಅದು ನಮಗೆ ಎಂದು ಎಲ್ಲರಿಗೂ ಗೊತ್ತು.

ಆ ಮನೆಯಲ್ಲಿ ಒಂದು ವಿಷಯ ನನ್ನನ್ನು ಮೊದಲ ದಿನದಿಂದಲೇ ಕೆಣಕಿತ್ತು. ತಾಯಿ ಮಕ್ಕಳು ಮಲಗುವ ಹಿಂದಿನ ಕೋಣೆಯ ಬಾಗಿಲು ಮತ್ತು ಕಿಟಕಿ ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ನಡುವೆ ಇದ್ದಿಲ ಕೆಂಡದ ತಗಡಿನ ಬಾನಿ. ಹೊರಗಿನ ಗಾಳಿ ಕತ್ತಿಯಂತೆ ಒಳಗೆ ಬರುತ್ತಿತ್ತು, ಕೆಂಡದ ಬಿಸಿಯೆಲ್ಲ ಹೊರಗೆ ಹೋಗುತ್ತಿತ್ತು. ಬೆಂಕಿ ಹಾಕಿ ಬಾಗಿಲು ತೆರೆದಿಡುವ ಇವರಿಗೆ ಸರ್ಕಾರ ಎಷ್ಟು ರೇಡಿಯೇಟರ್ ಕೊಟ್ಟರೂ ಅಷ್ಟೇ ಎಂದು ನಾನು ಗೊಣಗಿದೆ. ವೆಲ್ಡರ್ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಮಸೀದಿಯ ದಾರಿಯಲ್ಲಿ ಮುದುಕ ಹೇಳಿದ್ದನ್ನು ತಿಳಿಸಿದ.

"ಬಾಯಿ ಮುಚ್ಚು ಮಾರಾಯ. ಎರಡು ವರ್ಷದ ಹಿಂದೆ ಈ ಮನೆಯ ಯಜಮಾನ ಇದೇ ಕೋಣೆಯಲ್ಲಿ ಕೆಂಡ ಇಟ್ಟು, ಬಾಗಿಲು ಗಟ್ಟಿ ಹಾಕಿ ಮಲಗಿದ್ದಂತೆ. ಬೆಳಿಗ್ಗೆ ಏಳ್ಲೇ ಇಲ್ಲ. ಹೊಗೆಯ ವಿಷ. ಹೆಂಡತಿ ಮಕ್ಕಳು ಆ ದಿನ ತವರಿಗೆ ಹೋದದ್ದಕ್ಕೆ, ಮುದುಕ ಮುಂದಿನ ಕೋಣೆಯಲ್ಲಿ ಮಲಗಿದ್ದಕ್ಕೆ ಉಳಿದರು. ಅಂದಿನಿಂದ ಬಾಗಿಲು ಹಾಕ್ಲಿಕ್ಕೆ ಅವರಿಗೆ ಹೆದರಿಕೆ."

ನನಗೆ ನಾಚಿಕೆಯಾಯಿತು. ಆ ಮಧ್ಯಾಹ್ನ ನಾನು ಯಾರ ಮೇಲೂ ರೇಗಲಿಲ್ಲ. ಚಳಿ ಏರುವ ಮೊದಲು ಈ ಮನೆ ಮುಗಿಸಿಯೇ ಬಿಡಬೇಕು ಎಂದುಕೊಂಡೆ. ಇನ್ನೊಂದು ಕಾರಣವೂ ಇತ್ತು. ಜನವರಿಯಲ್ಲಿ ನನಗೆ ಊರಿನ ರಜೆ. ನಾನು ಇನ್ನೂ ಮುಖ ನೋಡದ ಮಗಳು ಊರಿನಲ್ಲಿದ್ದಳು. ಅವಳಿಗೆ ವರ್ಷ ತುಂಬುವಾಗ ಬರುತ್ತೇನೆ ಎಂದು ಹೆಂಡತಿಗೆ ಬರೆದಿದ್ದೆ. ರಜೆಯ ಕಾಗದ ನಮ್ಮ ಕಂಪನಿಯ ಇಂಜಿನಿಯರನ ಮೇಜಿನ ಡ್ರಾಯರಿನಲ್ಲಿ ಅವನ ಸಹಿಗಾಗಿ ಕಾದಿತ್ತು.

ಒಂಬತ್ತನೆಯ ದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ನೀರು ತುಂಬಿಸಿ ಒತ್ತಡ ಏರಿಸಿದೆ. ಬಾಯ್ಲರಿನ ಬರ್ನರ್ ಇನ್ನೂ ಬಂದಿರಲಿಲ್ಲ. ಅದು ಯಾವಾಗಲೂ ಕೊನೆಗೇ ಬರುವುದು. ಆದ್ದರಿಂದ ಪೈಪಿನಲ್ಲಿ ಇದ್ದದ್ದು ತಣ್ಣೀರು. ಗೇಜಿನ ಗಾಜಿನ ಮೇಲೆ ಮುಳ್ಳಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಾಮಾನು ಕಟ್ಟುತ್ತಿದ್ದೆವು. ಪರದೆಯ ಹಿಂದಿನಿಂದ ಅವಳು ಮಾವನಿಗೆ ಹೇಳಿದಳು:

"ನೀರನ್ನು ಪೈಪಿನಲ್ಲಿ ಬಿಟ್ಟು ಹೋಗಬೇಡ ಎಂದು ಹೇಳಿ. ಇವತ್ತಿನ ರಾತ್ರಿ ಒಳ್ಳೆಯದಲ್ಲ. ಗಾಳಿ ನಿಂತಿದೆ."

ನನ್ನ ಅರಬಿಗೆ ಅದನ್ನು ಅರ್ಥ ಮಾಡಿಕೊಳ್ಳುವಷ್ಟು ಶಕ್ತಿ ಇತ್ತು. ಮಾತು ಪೂರ್ತಿ ತಿಳಿಯಿತು. ಆದರೆ ಅವಳಿಗೆ ನನ್ನ ಜಾಯಿಂಟುಗಳ ಮೇಲೆ ಅನುಮಾನ ಎಂದು ನನ್ನ ತಲೆ ಹೇಳಿತು. ಮೂಗಿನ ತುದಿಯಲ್ಲೇ ಇರುವ ಸಿಟ್ಟು ನನ್ನದು. "ಒಂದು ಹನಿ ಸೋರುವುದಿಲ್ಲ ಎಂದು ಅವರಿಗೆ ಹೇಳಿ," ಎಂದು ಮುದುಕನಿಗೆ ಹೇಳಿದೆ. "ಸೋರಿದರೆ ನನ್ನ ಹೆಸರು ಬದಲಾಯಿಸಿ." ಅಂಗಳದಲ್ಲಿ ನೀರಿನ ಡ್ರಮ್ಮನ್ನು ಖಾಲಿ ಮಾಡಿ ಬೋರಲು ಹಾಕಿದ್ದು ಕಣ್ಣಿಗೆ ಬಿತ್ತು. ನೀರಿಗೆ ಇಷ್ಟು ಕಷ್ಟವಿರುವ ಊರಿನಲ್ಲಿ ಇವರು ಡ್ರಮ್ ಯಾಕೆ ಬೋರಲು ಹಾಕುತ್ತಾರೆ ಎಂದು ಒಂದು ಗಳಿಗೆ ಯೋಚಿಸಿದೆ. ಒಂದು ಗಳಿಗೆ ಮಾತ್ರ.

ಓದಿದವರಿಗೆ ಇದು ಪೆದ್ದುತನ ಎನಿಸಬಹುದು. ನಾನು ನಮ್ಮ ಕರಾವಳಿಯವನು. ಮಂಜುಗಡ್ಡೆ ಎಂದರೆ ನನಗೆ ಮಲ್ಪೆಯ ಬಂದರಿನ ಐಸ್ ಪ್ಲಾಂಟು, ಮೀನಿನ ಪೆಟ್ಟಿಗೆ, ಗೋಣಿಯಲ್ಲಿ ಸುತ್ತಿದ ಗಡ್ಡೆ. ಅದಕ್ಕೆ ಯಂತ್ರ ಬೇಕು, ಕರೆಂಟು ಬೇಕು, ದಡದಡ ಸದ್ದು ಬೇಕು. ನೀರು ಯಾರ ಅಪ್ಪಣೆಯೂ ಇಲ್ಲದೆ, ಸುಮ್ಮನೆ ಇದ್ದಲ್ಲಿಯೇ ಕಲ್ಲಾಗುತ್ತದೆ, ಕಲ್ಲಾಗುವಾಗ ಹಿಗ್ಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಹೇಳಿಕೊಟ್ಟಿದ್ದರೆ ಆ ದಿನ ನಾನು ಗಾಳ ಹಿಡಿದು ಹೊಳೆಯ ಬದಿಯಲ್ಲಿ ಇದ್ದಿರಬೇಕು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೋದೆವು. ಇಂಜಿನಿಯರ್ ತನ್ನ ಟೈ ಕಟ್ಟಿಕೊಂಡು ಬಂದಿದ್ದ. ಅವನೂ ಬೇರೆ ದೇಶದಿಂದ ಬಂದವನೇ, ಹಳ್ಳಿಯ ಜನರನ್ನು ಕಂಡರೆ ಮೂಗು ಮುರಿಯುವವನು. ಸರ್ಕಾರದ ಅಧಿಕಾರಿ ಫೈಲು ಹಿಡಿದು ಬಂದ. ನಾನು ಮೊದಲು ಗೇಜಿನ ಬಳಿ ಹೋದೆ. ಮುಳ್ಳು ನನ್ನ ಗೆರೆಗಿಂತ ಕೆಳಗೆ ಇಳಿದಿರಲಿಲ್ಲ. ಇಳಿಯುವುದಿರಲಿ, ಸಾಕಷ್ಟು ಮೇಲೇ ಏರಿ ನಿಂತಿತ್ತು. ಇಷ್ಟು ಒಳ್ಳೆಯ ಜಾಯಿಂಟು ನಾನು ಜನ್ಮದಲ್ಲಿ ಮಾಡಿಲ್ಲ ಎಂದುಕೊಂಡು ಅಧಿಕಾರಿಗೆ ತೋರಿಸಿದೆ. ನೆಲದಲ್ಲಿ ಒಂದು ಹನಿ ಇಲ್ಲ. ಅವನು ತಲೆಯಾಡಿಸಿದ. ಮುದುಕ ಕಾಫಿ ತರಿಸಿದ. ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತೆವು. ಅಧಿಕಾರಿ ಪರೀಕ್ಷೆಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದವನು, ಮೊದಲು ಖರ್ಜೂರ ತಿನ್ನೋಣ ಎಂದು ಪೆನ್ನು ಕೆಳಗಿಟ್ಟ.

ಅಷ್ಟು ಹೊತ್ತಿಗೆ ಬಿಸಿಲು ಹೊರಗಿನ ಗೋಡೆಗೆ ಬಿತ್ತು.

ಮೊದಲು ಹಿಂದಿನ ಕೋಣೆಯಿಂದ ಟಪ್ ಎಂದು ಒಂದು ಸದ್ದು. ಆಮೇಲೆ ಮತ್ತೊಂದು. ಹುಡುಗಿಯರು ಕೂಗಿದರು. ಮುದುಕ ಎದ್ದು ದಾರಿ ಕೊಟ್ಟ ಮೇಲೆ ನಾವು ಒಳಗೆ ಓಡಿದೆವು. ಕಿಟಕಿಯ ಕೆಳಗಿನ ರೇಡಿಯೇಟರ್ ಬುಡದಿಂದ ತುದಿಯವರೆಗೆ ಸೀಳಿತ್ತು. ಸೀಳಿನಲ್ಲಿ ಬಿಳಿ ಗಡ್ಡೆ ಇಣುಕುತ್ತಿತ್ತು, ಅದರ ಪಕ್ಕದಿಂದ ನೀರು ಹಾಸಿಗೆಗಳ ಮೇಲೆ ಹರಿಯುತ್ತಿತ್ತು. ಹೊರಗಿನ ಗೋಡೆಯ ಪೈಪು ಮೂರು ಕಡೆ ಬಾಯಿ ಬಿಟ್ಟಿತ್ತು. ರಾತ್ರಿಯೇ ಒಡೆದದ್ದು. ಗಡ್ಡೆ ಕಟ್ಟಿದ್ದರಿಂದ ಸೋರಲಿಲ್ಲ, ಅಷ್ಟೇ. ಗೇಜಿನ ಮುಳ್ಳನ್ನು ಮೇಲೇರಿಸಿದ್ದೂ ಹಿಗ್ಗಿದ ಅದೇ ಗಡ್ಡೆ. ನಾನು ಅಲ್ಲೇ ಕೂತು ಪೈಪನ್ನು ಮುಟ್ಟಿ ಮುಟ್ಟಿ ನೋಡಿದೆ. ಜಾಯಿಂಟುಗಳು ಒಂದೂ ಬಿಟ್ಟಿರಲಿಲ್ಲ. ಒಡೆದದ್ದು ಪೈಪೇ.

ಅಧಿಕಾರಿಯ ಫೈಲಿನಲ್ಲಿ ಒಂದು ಖಾನೆ ಇತ್ತು: ಹಾನಿಗೆ ಕಾರಣ. ಅವನು ಪೆನ್ನು ಹಿಡಿದು ಇಂಜಿನಿಯರನ ಮುಖ ನೋಡಿದ. ಇಂಜಿನಿಯರ್ ಸುತ್ತಲೂ ಕಣ್ಣು ಹಾಯಿಸಿದ. ಅರ್ಧ ತೆರೆದ ಬಾಗಿಲು, ಅರ್ಧ ತೆರೆದ ಕಿಟಕಿ. ಅವನಿಗೆ ದಾರಿ ಸಿಕ್ಕಿತು.

"ನೋಡಿ, ಇಡೀ ರಾತ್ರಿ ಬಾಗಿಲು ಕಿಟಕಿ ತೆರೆದಿಟ್ಟಿದ್ದಾರೆ. ಅದಕ್ಕೇ ಒಳಗಿನದ್ದೂ ಹೆಪ್ಪುಗಟ್ಟಿತು. ಮನೆಯವರ ನಿರ್ಲಕ್ಷ್ಯ. ಬೇಕಾದರೆ ಫಿಟ್ಟರ್ ಸಹಿ ಹಾಕುತ್ತಾನೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಂಪನಿ ಪಾರು, ನಾನು ಪಾರು, ನನ್ನ ರಜೆ ಪಾರು. ಹೋಗುವುದು ಆ ಮನೆಯ ಹೆಸರು ಮಾತ್ರ, ಅದೂ ಪಟ್ಟಿಯಿಂದ, ಶಾಶ್ವತವಾಗಿ. ಅವನು ಹೇಳಿದ್ದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಬಾಗಿಲು ತೆರೆದೇ ಇತ್ತಲ್ಲ. ನಾನು ಮಾತಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ: ನಾನು ಆಗ ಮಗಳ ಬಗ್ಗೆ ಯೋಚಿಸುತ್ತಿದ್ದೆ, ಕಣ್ಣು ನೆಲದ ಮೇಲಿತ್ತು. ವೆಲ್ಡರ್ ನನ್ನ ಬೆನ್ನಿಗೆ ಮೊಣಕೈಯಿಂದ ತಿವಿದ. ಆಗಲೂ ಮಾತಾಡಲಿಲ್ಲ.

ಅಧಿಕಾರಿ ಮುದುಕನನ್ನು ಕೇಳಿದ, "ಚಳಿಯಲ್ಲಿ ಬಾಗಿಲು ಯಾಕೆ ತೆರೆದಿಟ್ಟಿರಿ?"

ಮುದುಕ ಗಂಟಲು ಸರಿಮಾಡಿಕೊಂಡ. ಮಗನ ಸಾವಿನ ಸುದ್ದಿಯನ್ನು ಇಷ್ಟು ಜನರೆದುರು ಹೇಗೆ ಹೇಳುತ್ತಾನೆ? ಪರದೆಯ ಹಿಂದಿನಿಂದ ಅವಳೇ ಹೇಳಿದಳು. ಆ ಒಂದು ಸಲ ಮಾವನಿಗಲ್ಲ, ನೇರ ಅಧಿಕಾರಿಗೆ.

"ನನ್ನ ಗಂಡ ಬಾಗಿಲು ಹಾಕಿ ಮಲಗಿದ. ಅದಕ್ಕೆ."

ನೀರಿನ ವಿಷಯ ತಾನು ನಿನ್ನೆಯೇ ಹೇಳಿದ್ದೆ ಎಂದು ಅವಳು ಈಗ ಹೇಳುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಒಂಬತ್ತು ದಿನ ಅವಳ ಮನೆಯ ಚಹಾ ಕುಡಿದವನನ್ನು ಎಲ್ಲರೆದುರು ಹಿಡಿದುಕೊಡುವುದು ಅವರ ಕ್ರಮವಲ್ಲವೋ ಏನೋ.

ಇಂಜಿನಿಯರ್ ಸುಮ್ಮನಿದ್ದರೆ ಬಹುಶಃ ನಾನೂ ಸುಮ್ಮನಿರುತ್ತಿದ್ದೆ. ಅವನು ನನ್ನ ಕಿವಿಯ ಬಳಿ ಬಗ್ಗಿ, "ಈ ಡೇರೆಯ ಜನಕ್ಕೆ ಮನೆಯಲ್ಲಿ ಇರಲಿಕ್ಕೇ ಬರುವುದಿಲ್ಲ. ಹೂಂ, ಸಹಿ ಹಾಕು," ಎಂದ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿದದ್ದು ನಾನು, ನೆಲ ಅವಳದ್ದು. ನನಗೆ ಸಿಟ್ಟು ನೆತ್ತಿಗೇರಿತು. ಒಳ್ಳೆಯತನ ಎಂದು ಯಾರೂ ತಿಳಿಯಬಾರದು, ಅದು ಬರೀ ಸಿಟ್ಟು.

"ಅವರು ಹೇಳಿದ್ದರು," ಎಂದೆ, ನನ್ನ ಹರಕು ಅರಬಿಯಲ್ಲಿ, ಎಲ್ಲರಿಗೂ ಕೇಳುವಂತೆ. "ನೀರು ಬಿಡಬೇಡ ಎಂದು ನಿನ್ನೆಯೇ ಹೇಳಿದ್ದರು. ನಾನು ಕೇಳಲಿಲ್ಲ. ಅವರು ತಮ್ಮ ಡ್ರಮ್ಮನ್ನೇ ಬೋರಲು ಹಾಕಿದ್ದಾರೆ, ಹೊರಗೆ ಹೋಗಿ ನೋಡಿ. ನೀರು ಕಲ್ಲಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು."

ಅಧಿಕಾರಿ ನಿಜಕ್ಕೂ ಹೊರಗೆ ಹೋಗಿ ಡ್ರಮ್ ನೋಡಿ ಬಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ದೇಶದಲ್ಲಿ ನೀರು ಕಲ್ಲಾಗುವುದಿಲ್ಲವೇ?" ಎಂದು ಕೇಳಿದ. ನಮ್ಮ ಕಡೆ ಇಲ್ಲ ಎಂದೆ. ಅವನು ನಗಲಿಲ್ಲ. ಖಾನೆಯಲ್ಲಿ ಗುತ್ತಿಗೆದಾರನ ತಪ್ಪು ಎಂದು ಬರೆದು, ಹದಿನೈದು ದಿನದಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿಕೊಡಬೇಕು ಎಂದು ಕೆಳಗೆ ಸೇರಿಸಿದ. ಮನೆಯ ಹೆಸರು ಪಟ್ಟಿಯಲ್ಲಿ ಉಳಿಯಿತು.

ಇಂಜಿನಿಯರ್ ಕಾರಿನ ಬಳಿ ನಿಂತು ನನ್ನ ರಜೆ ಬೇಸಿಗೆಗೆ ಹೋಯಿತು ಎಂದಷ್ಟೇ ಹೇಳಿದ. ಡ್ರಾಯರಿನ ಕಾಗದವನ್ನು ಅವನು ಹರಿದನೋ ಇಟ್ಟನೋ ನಾನು ಕೇಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದ ಮಾತು ಸಂಜೆ ಕೋಣೆಗೆ ಬಂದ ಮೇಲೆ ನೆನಪಾಯಿತು. ಹೆಂಡತಿಗೆ ಪತ್ರ ಬರೆಯಲು ಕೂತು ಮೂರು ಸಲ ಹರಿದೆ. ನನಗೆ ತುಂಬ ದುಃಖವಾಯಿತು. ವೆಲ್ಡರ್ ಸ್ಟವ್ ಹೊತ್ತಿಸಿ ಗಂಜಿ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದ:

"ಒಂದು ಮಾತ್ರ ಹೇಳ್ತೇನೆ ಮಾರಾಯ. ನಿನ್ನ ಜಾಯಿಂಟ್ ಸೋರ್ಲಿಲ್ಲ. ಹೆಸರು ಬದಲಾಯಿಸುವ ಅಗತ್ಯ ಇಲ್ಲ."

ನಾನು ಅವನಿಗೆ ಚಪ್ಪಲಿ ಎಸೆದೆ. ಆಮೇಲೆ ಇಬ್ಬರೂ ಗಂಜಿ ಉಂಡೆವು.

ಮತ್ತೆ ಕೆಲಸ ಶುರು ಮಾಡುವ ಮೊದಲು ನಾನು ಮುದುಕನ ಮುಂದೆ ಕೂತು ಎಲ್ಲವನ್ನೂ ಕೇಳಿದೆ. ಚಳಿಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಯಾವ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ, ಗಾಳಿ ನಿಂತ ರಾತ್ರಿ ಯಾಕೆ ಕೆಟ್ಟದ್ದು. ಅವನು ಹೇಳುತ್ತಿದ್ದ, ಎಲ್ಲಾದರೂ ತಪ್ಪಿದರೆ ಪರದೆಯ ಹಿಂದಿನಿಂದ ಅವಳು ತಿದ್ದುತ್ತಿದ್ದಳು. ಮೋಡವೂ ಇಲ್ಲದೆ ಗಾಳಿಯೂ ಇಲ್ಲದೆ ಆಕಾಶ ಬಿಚ್ಚಿಕೊಂಡಿದ್ದರೆ ಅಂದು ನೀರು ಕಲ್ಲಾಗುತ್ತದೆ ಎಂದು ಕಲಿತೆ. ಪೈಪುಗಳನ್ನು ಈ ಸಲ ಹೊರಗಿನ ಗೋಡೆ ಬಿಟ್ಟು ಒಳಗಿನಿಂದ ಎಳೆದೆ. ಎಲ್ಲ ಪೈಪಿಗೂ ಸ್ವಲ್ಪ ಇಳಿಜಾರು ಕೊಟ್ಟು, ಅತಿ ಕೆಳಗಿನ ಮೂಲೆಯಲ್ಲಿ ಒಂದು ನಲ್ಲಿ ಇಟ್ಟೆ. ಅದನ್ನು ತಿರುಗಿಸಿದರೆ ಇಡೀ ಮನೆಯ ನೀರು ಅಂಗಳಕ್ಕೆ ಇಳಿಯುತ್ತದೆ. ಪರೀಕ್ಷೆಯನ್ನು ಹಗಲಿನಲ್ಲೇ ಮುಗಿಸಿ, ಸಂಜೆ ನೀರು ಖಾಲಿ ಮಾಡಿದೆ. ಹೊರಗೆ ಇರಲೇಬೇಕಾದ ಎರಡು ಗಜ ಪೈಪಿಗೆ ಸುತ್ತಲು ಏನೂ ಸಿಗದೆ ಗೋಣಿ ಹುಡುಕುತ್ತಿದ್ದಾಗ, ಪರದೆಯ ಕೆಳಗಿನಿಂದ ಚಹಾದ ತಟ್ಟೆಯ ಜೊತೆ ಕಪ್ಪು ಬಟ್ಟೆಯ ಒಂದು ಸುರುಳಿ ಬಂತು. ಆಡಿನ ಕೂದಲಿನದು. ಅವರ ಹಳೆಯ ಡೇರೆಯಿಂದ ಕತ್ತರಿಸಿದ್ದು.

ಆ ಹದಿನೈದು ದಿನವೂ ಅವರು ಬಾಗಿಲು ತೆರೆದೇ ಮಲಗಿದರು. ಪ್ರತಿ ಬೆಳಿಗ್ಗೆ ಆ ಕೋಣೆಗೆ ಹೋದಾಗ ಮಡಚಿಟ್ಟ ಕಂಬಳಿಗಳು ತಣ್ಣಗೆ ಕೊರೆಯುತ್ತಿದ್ದವು. ಹುಡುಗಿಯರು ಒಳಗೆಲ್ಲೋ ಕೆಮ್ಮುತ್ತಿದ್ದರು. ಆ ಕೆಮ್ಮಿನಲ್ಲಿ ಹದಿನೈದು ದಿನದ ಪಾಲು ನನ್ನದು ಎಂದು ನನಗೆ ಗೊತ್ತಿತ್ತು. ಹನ್ನೆರಡನೆಯ ದಿನವೇ ಬರ್ನರ್ ತರಿಸಲು ನಾನು ಕಫೀಲನ ಮನೆಯ ಗೇಟಿನಲ್ಲಿ ಅರ್ಧ ದಿನ ನಿಂತೆ.

ಬಾಯ್ಲರ್ ಹೊತ್ತಿಸಿದ್ದು ಒಂದು ಸೋಮವಾರ ಮಧ್ಯಾಹ್ನ. ರೇಡಿಯೇಟರುಗಳು ಒಂದೊಂದಾಗಿ ಬಿಸಿಯಾದವು. ಮುದುಕ ಎರಡೂ ಅಂಗೈಗಳನ್ನು ಕಬ್ಬಿಣದ ಮೇಲಿಟ್ಟು, ಹೊಗೆ ಎಲ್ಲಿ ಹೋಗುತ್ತದೆ ಎಂದು ಮೂರು ಸಲ ಕೇಳಿದ. ಮೂರು ಸಲವೂ ಅವನ ಕೈ ಹಿಡಿದುಕೊಂಡು ಹೊರಗೆ ಹೋಗಿ, ಅಂಗೈಯನ್ನು ಬಾಯ್ಲರ್ ಕೋಣೆಯ ಹೊಗೆಕೊಳವೆಯ ಹತ್ತಿರ ಹಿಡಿಸಿ, ಹೊಗೆ ಇಲ್ಲಿಂದ ಆಕಾಶಕ್ಕೆ, ಮನೆಯೊಳಗೆ ಬರುವುದು ನೀರು ಮಾತ್ರ ಎಂದೆ. ಮೂರನೆಯ ಸಲ ಸ್ವಲ್ಪ ರೇಗಿಯೇ ಹೇಳಿದೆ. ಪರದೆಯ ಹಿಂದೆ ಅವಳು ಕೇಳಿಸಿಕೊಳ್ಳುತ್ತಿದ್ದಳು ಎಂದು ಆಮೇಲೆ ಹೊಳೆಯಿತು. ಕೇಳಿದ್ದು ಮುದುಕನಾದರೂ ಪ್ರಶ್ನೆ ಅವಳದ್ದೇ ಇದ್ದಿರಬೇಕು.

ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಮಗಳು ಅಂಗಳದಲ್ಲಿ ಓಡಾಡುತ್ತಿದ್ದಳು. ಅವಳು ಮೊದಲ ಹೆಜ್ಜೆ ಇಟ್ಟದ್ದನ್ನು ನಾನು ನೋಡಲಿಲ್ಲ. ಆ ನೋವು ಹೋಗಿಲ್ಲ, ಹೋಗುವುದೂ ಇಲ್ಲ. ರಜೆ ಯಾಕೆ ತಪ್ಪಿತು ಎಂದು ಹೆಂಡತಿ ಕೇಳಿದಾಗ ಐಸು, ಪೈಪು, ಇಂಜಿನಿಯರ್ ಎಲ್ಲ ಹೇಳಿದೆ. ಅವಳ ಮುಖ ಬಿಗಿದೇ ಇತ್ತು. ಆಮೇಲೆ ಆ ಮಂಗಳವಾರದ ಬೆಳಗಿನ ವಿಷಯ ಹೇಳಿದೆ.

ಬಾಯ್ಲರ್ ಹೊತ್ತಿಸಿದ ಮರುದಿನ ಅಧಿಕಾರಿ ಕೊನೆಯ ಸಹಿ ಹಾಕಲು ಬರುವವನಿದ್ದ. ನಾವು ಬೇಗ ಹೋದೆವು. ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ವೆಲ್ಡರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಆ ಮನೆಯ ಯಜಮಾನನ ನೆನಪು. ಮತ್ತೆ ಜೋರಾಗಿ ಬಡಿದ ಮೇಲೆ ಮುದುಕ ಗೋಡೆ ಹಿಡಿದುಕೊಂಡು ಬಂದು ಅಗುಳಿ ತೆಗೆದ. ಹಿಂದಿನ ಕೋಣೆಯ ಬಾಗಿಲೂ ಮುಚ್ಚಿತ್ತು. ಅದರ ಒಳಗಿನಿಂದ ಅವಳ ನಿದ್ದೆಯ ಮಂಪರಿನ ದನಿ ಕೇಳಿಸಿತು.

"ಅವರನ್ನು ಸ್ವಲ್ಪ ಕೂರಿಸಿ. ಬಾಗಿಲು ಹಾಕಿ ಮಲಗಿದ್ದೆವು, ಎಚ್ಚರವೇ ಆಗಲಿಲ್ಲ."